ನಮ್ಮ ಮನೆಯವರ ಹೊಸ ಭಕ್ತಿ

ನಮ್ಮ ಮನೆಯವರಿಗೆ ಭಕ್ತಿ ಹುಟ್ಟಿದ್ದು ಹಾರ್ಟ್ ಅಟ್ಯಾಕ್ ಆದ ಮೇಲೆ. ಅದಕ್ಕೂ ಮುಂಚೆ ಮೈಲಾಪುರದ ಈ ಹಳೇ ಫ್ಲ್ಯಾಟಿನಲ್ಲಿ ದೇವರು ನನ್ನ ಪಾಲಿಗೆ, ಸಿಗರೇಟು ಅವರ ಪಾಲಿಗೆ ಎಂದು ಹಂಚಿಕೆಯಾಗಿತ್ತು. ರೈಲ್ವೆ ಕೆಲಸದಲ್ಲಿದ್ದಾಗ ಹಿಡಿದ ಚಟ, ರಿಟೈರಾದರೂ ಬಿಟ್ಟಿರಲಿಲ್ಲ. ಪಲ್ಲಾವರಂ ಸಂತೆಯಲ್ಲಿ ಹಳೇ ಫ್ಯಾನೊಂದಕ್ಕೆ ಚೌಕಾಶಿ ಮಾಡುತ್ತ ಎದೆ ಹಿಡಿದುಕೊಂಡು ಕೂತುಬಿಟ್ಟರು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕುವಷ್ಟು ಹೊತ್ತು ನಾನು ಬಾಗಿಲ ಹೊರಗೆ ಕೂತು, ಇವರಿಲ್ಲದ ಮನೆಯನ್ನು ನೆನೆದು ನಡುಗಿದೆ.

ಮನೆಗೆ ಕಳಿಸುವಾಗ ಡಾಕ್ಟರಮ್ಮ ತಮಿಳಿನಲ್ಲಿ ಖಂಡತುಂಡವಾಗಿ ಹೇಳಿದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಒಂದು ದಿನವೂ ತಪ್ಪಕೂಡದು, ಸಿಗರೇಟು ಒಂದೂ ಕೂಡದು. ಇವರು ಮೊದಲನೆಯದಕ್ಕೆ ಜೋರಾಗಿ ತಲೆಯಾಡಿಸಿದರು. ಎರಡನೆಯದಕ್ಕೆ ಕಿಟಕಿಯ ಹೊರಗೆ ನೋಡಿದರು.

ಮನೆಯಲ್ಲಿ ಮೊಬೈಲು ಹಿಡಿದು ಸೋಫಾಕ್ಕೆ ಅಂಟಿಕೊಂಡಿದ್ದವರು ಒಂದು ದಿನ ಮುಖ ಅರಳಿಸಿಕೊಂಡು ಅಡುಗೆಮನೆಗೆ ಬಂದರು.

"ಇಲ್ನೋಡು. ಸಿಗರೇಟ್ ಸೇದೋರ ಮೈಯಾಗ ನನ್ನ ಈ ಗುಳಗಿ ಇನ್ನೂ ಜೋರ ಕೆಲಸ ಮಾಡತೈತಂತ."

ನಮ್ಮದು ಧಾರವಾಡದ ಕಡೆಯ ಮಾತು. ಬೀದಿಗೆ ತಮಿಳು ಸಾಕು, ಜಗಳಕ್ಕೆ ಇದೇ ಬೇಕು.

"ಹೌದ್ರಿ? ನಡೀರಿ, ಡಾಕ್ಟರಮ್ಮನ್ನ ಕೇಳೂಣು," ಅಂದೆ.

"ಅವರಿಗ್ಯಾಕ ತ್ರಾಸು. ಪಾಪ, ಎಷ್ಟು ಮಂದಿ ಪೇಷಂಟ್ ಇರ್ತಾರ," ಎಂದು ಮೊಬೈಲು ಜೇಬಿಗಿಳಿಸಿದರು.

ಅಲ್ಲಿಗೆ ಮಾತು ಮುಗಿಯಿತು ಅಂದುಕೊಂಡೆ. ಶುರುವಾದದ್ದು ಪೂಜೆ. ಬೆಳಗ್ಗೆ ಸ್ನಾನ ಮಾಡಿ, ಮಾತ್ರೆ ನುಂಗಿ, ದೇವರ ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಕಾಫಿ ಆರುವ ತನಕ ಹೊರಗೆ ಬರುತ್ತಿರಲಿಲ್ಲ. ಜೀವಮಾನದಲ್ಲಿ ಊದುಬತ್ತಿ ಹಚ್ಚದವರು ಕೆಂಡದ ಮೇಲೆ ಸಾಂಬ್ರಾಣಿ ಸುರಿದದ್ದೇ ಸುರಿದದ್ದು. ಬಾಗಿಲು ಯಾಕೆ ಹಾಕುತ್ತೀರಿ ಎಂದರೆ ಏಕಾಗ್ರತೆ ಬೇಕಂತೆ. ಕೆಳಗಿನ ಮನೆಯ ಮಾಮಿ ನಿಮ್ಮವರ ಭಕ್ತಿ ನೋಡಿ ನಮ್ಮವರು ಕಲೀಬೇಕು ಎಂದಾಗ ನಾನೂ ಉಬ್ಬಿಹೋದೆ. ಗಂಡ ದೇವರ ದಾರಿ ಹಿಡಿದರೆ ಯಾವ ಹೆಂಗಸು ಮೂಸಿ ನೋಡುತ್ತಾಳೆ?

ನಮ್ಮದು ವಿಭೂತಿಯಿಲ್ಲದೆ ಬೆಳಗಾಗದ ಮನೆತನ. ಊರಿಂದ ತಂದ ವಿಭೂತಿ ಉಂಡೆ ಮುಗಿದಿದ್ದರಿಂದ ಇಲ್ಲಿಯ ಪುಡಿಯನ್ನೇ ಹಿತ್ತಾಳೆ ಬಟ್ಟಲಿಗೆ ತುಂಬಿಟ್ಟಿದ್ದೆ. ಇವರ ಪೂಜೆ ಮುಗಿದ ಮೇಲೆ ಆ ಬಟ್ಟಲಿಂದ ಮೂರು ಬೆರಳಿಗೆ ಹಚ್ಚಿಕೊಂಡು, ಇವರ ಅಂಗಿ ಗುಂಡಿ ಬಿಚ್ಚಿ, ಎದೆಯ ಮೇಲೆ ಎಳೆದು, ಈ ಜೀವ ಉಳಸಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ಇವರು ಕಣ್ಣು ಮುಚ್ಚಿ ಹಸುವಿನಂತೆ ನಿಲ್ಲುತ್ತಿದ್ದರು. ಪುಡಿ ಯಾಕೋ ಕಪ್ಪಿಡುತ್ತಿದೆ ಅನ್ನಿಸಿ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ.

ಚೆಕಪ್ಪಿಗೆ ಹೋದ ದಿನವೂ ಎದೆಗೆ ಹಚ್ಚಿಯೇ ಹೊರಡಿಸಿದ್ದೆ. ಡಾಕ್ಟರಮ್ಮ ಸ್ಟೆತಾಸ್ಕೋಪ್ ಇಟ್ಟು ಬಗ್ಗಿದರು. ಇನ್ನಷ್ಟು ಬಗ್ಗಿದರು. ಆಮೇಲೆ ಬೆರಳಲ್ಲಿ ಆ ಗೆರೆ ಒರೆಸಿ ಮೂಗಿನ ಹತ್ತಿರ ಹಿಡಿದು, ಇದು ಯಾವ ಕೋಯಿಲ್ ತಿರುನೀರು ಅಮ್ಮಾ ಎಂದು ನನ್ನನ್ನು ಕೇಳಿದರು. ಅವರ ಹಣೆಯ ಮೇಲೂ ಸಣ್ಣಗೆ ವಿಭೂತಿ ಇತ್ತು. ಯಾವ ಗುಡಿಯದೂ ಅಲ್ಲ, ನಮ್ಮ ಮನೆಯದೇ ಎಂದೆ, ಹೆಮ್ಮೆಯಿಂದಲೇ. ಅವರು ಆ ಬೆರಳನ್ನು ನನ್ನ ಮೂಗಿಗೆ ಹಿಡಿದರು.

ಇವರು ಡಾಕ್ಟರಿಗೆ ಅರ್ಥವಾಗದಂತೆ ಕನ್ನಡದಲ್ಲಿ ಪಿಸುಗುಟ್ಟಿದರು. "ದೇವರ ಕೋಣ್ಯಾಗ ಆಶ್‌ಟ್ರೇ ಇಟ್ರ ನಿನಗ ಗೊತ್ತಾಗತಿತ್ತಲ್ಲ. ಅದಕ್ಕ ಬೂದಿ ವಿಭೂತಿ ಬಟ್ಟಲಾಗ ಝಾಡಿಸಿದೆ."

ನಾನು ನನ್ನ ಮೂರು ಬೆರಳನ್ನು ಸೆರಗಿಗೆ ಒರೆಸಿಕೊಂಡೆ. ಇವರು ಮಾತ್ರ ಡಾಕ್ಟರಿಗೆ ಮಾತ್ರೆಯ ವಾದ ಮಂಡಿಸತೊಡಗಿದರು. ಆಕೆ ಪೂರ್ತಿ ಕೇಳಿಸಿಕೊಂಡು ತಮಿಳಿನಲ್ಲೇ ಉತ್ತರ ಕೊಟ್ಟರು.

"ಕೆಲವರಲ್ಲಿ ಹಾಗೆ ಕಾಣಿಸುವುದುಂಟು ಸಾರ್, ಸುಳ್ಳಲ್ಲ. ಆದರೆ ಹೊಗೆ ಅದೇ ರಕ್ತವನ್ನು ಹೆಪ್ಪುಗಟ್ಟಿಸುತ್ತೆ, ರಕ್ತನಾಳದ ಒಳಗೋಡೆಯನ್ನೂ ಕೆಡಿಸುತ್ತೆ. ವಾಚ್‌ಮನ್ ಚುರುಕಾಗಿರಲಿ ಅಂತ ಯಾರಾದರೂ ಕಳ್ಳನನ್ನ ಮನೆಗೆ ಕರೀತಾರಾ?"

ಆಟೋದಲ್ಲಿ ಮುಖ ಆಚೆ ತಿರುಗಿಸಿ ಕೂತೆ. ಸಿಟ್ಟು ನೆತ್ತಿಗೇರಿತ್ತು. ದೇವರಿಗಾದ ಅಪಚಾರಕ್ಕಿಂತ, ನನ್ನ ಕೈಯಿಂದಲೇ ದಿನಾ ಅದನ್ನು ಆ ಎದೆಗೆ ಹಚ್ಚಿಸಿದರಲ್ಲ ಎಂದು.

ಮರುದಿನ ಬೆಳಗ್ಗೆ ದೇವರ ಕೋಣೆಯ ಬಾಗಿಲು ಹಾಕಗೊಡದೆ ನಾನೂ ಒಳಗೆ ಹೋಗಿ ಮಣೆ ಹಾಕಿಕೊಂಡು ಕೂತೆ.

"ತಗೀರಿ ಪಾಕೀಟು. ನನಗೂ ಒಂದು ಕೊಡ್ರಿ. ನಾನೂ ಬಿಪಿ ಗುಳಗಿ ತಗೋತೀನಿ, ಅದೂ ಜೋರ ಕೆಲಸ ಮಾಡ್ಲಿ."

ತಮಾಷೆ ಅಂದುಕೊಂಡು ನಗುತ್ತ ಕೊಟ್ಟರು. ತುಟಿಗಿಟ್ಟುಕೊಂಡೆ. ಕಡ್ಡಿ ಗೀರಿ ಹತ್ತಿರ ತಂದರು. ನಾನು ಮುಖ ಹಿಂದೆ ತೆಗೆಯಲಿಲ್ಲ. ಇವರ ನಗು ನಿಂತಿತು. ಕಡ್ಡಿ ಬೆರಳು ಸುಡುವ ತನಕ ಹಿಡಿದಿದ್ದವರು ಅದನ್ನು ಬಿಸಾಕಿ, ನನ್ನ ಬಾಯಿಂದ ಸಿಗರೇಟು ಕಿತ್ತು ಹಿಸುಕಿದರು.

"ಹುಚ್ಚಿದ್ದೀಯೇನ? ನಿನಗೇನರ ಆದ್ರ ನಾ ಏನ ಮಾಡ್ಲಿ?"

ನನಗೆ ಅಳು ಒತ್ತರಿಸಿ ಬಂತು. ಆಸ್ಪತ್ರೆಯ ಬಾಗಿಲಲ್ಲಿ ಕೂತಾಗಿನಿಂದ ನಾನು ಇವರನ್ನು ಕೇಳಬೇಕೆಂದಿದ್ದದ್ದೂ ಅದನ್ನೇ.