ಹಿಂಬದಿ ಇಲ್ಲದ ಮೀನು

ಮಹಾನಂದಾ ಬಾಯಿ ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ಒಂದು ಗಳಿಗೆ ನಿಲ್ಲುತ್ತಿದ್ದರು. ಕೈಯೆತ್ತಿ ಬಾಗಿಲ ಮೇಲಿನ ಕಸೂತಿ ತೋರಣದ ತುದಿ ಹಿಡಿದು, ತಿರುವಿ, ಅದರ ಹಿಂಬದಿ ನೋಡಿ, ಆಮೇಲೆ ಒಳಗೆ ಕಾಲಿಡುತ್ತಿದ್ದರು. ತೋರಣದ ಹಿಂದೆ ದಾರ ಎಲ್ಲೆಂದರಲ್ಲಿ ಜಿಗಿದಿದ್ದರೆ, ಗಂಟುಗಳು ಉಬ್ಬಿದ್ದರೆ, ಆ ಮನೆಯಲ್ಲಿ ಚಹಾ ಕುಡಿಯುತ್ತಿದ್ದರೇ ಹೊರತು ಏನೂ ತಿನ್ನುತ್ತಿರಲಿಲ್ಲ.

"ಮುಂದ ಎಲ್ಲಾರೂ ಛಂದೇ ಇರ್ತಾರ. ಹಿಂದ ನೋಡಬೇಕು," ಅನ್ನುವುದು ಅವರ ಮಾತು. ಬಟ್ಟೆಗೂ ಅದೇ, ಬೀಗರಿಗೂ ಅದೇ.

ಮಹಾರಾಷ್ಟ್ರದ ಗಡಿಯ ಉಮರ್ಗಾದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅವರು ಹೊಲಿಗೆ, ಭರತಕಾಮ ಕಲಿಸುತ್ತಿದ್ದರು. ಬಟ್ಟೆಯ ಮೇಲೆ ಸೂಜಿಯಿಂದ ಚಿತ್ರ ತುಂಬುವುದಕ್ಕೆ ನಮ್ಮ ಕಡೆ ಭರತಕಾಮ ಅನ್ನುತ್ತಾರೆ. ಶಾಲೆಯೆಲ್ಲ ಮರಾಠಿ, ಟೀಚರಿಗೆ ಬಾಯಿ ಅನ್ನುವುದೇ ರೂಢಿ; ನಮ್ಮಂಥ ಕನ್ನಡದ ಮನೆಯ ಹುಡುಗಿಯರನ್ನು ಬೈಯುವಾಗ ಮಾತ್ರ ಬಾಯಿ ಕನ್ನಡಕ್ಕೆ ಇಳಿಯುತ್ತಿದ್ದರು. ಸ್ವಾಮಿಗಳ ಮನೆತನದವರು. ಗಂಡ ಬೇಗ ತೀರಿಹೋಗಿ, ಮಗಳನ್ನು ಕಟ್ಟಿಕೊಂಡು ತಮ್ಮನ ಮನೆಯ ಮುಂದಿನ ಕೋಣೆಗೆ ಬಂದಿದ್ದರು. ಮಗಳು ಮುಂದೆ ಮದುವೆಯಾಗಿ ಉದಗೀರಕ್ಕೆ ಹೋದಳು. ಬಾಯಿ ಹಾಲಿಗೆ ಬೆರಳದ್ದಿ ನೋಡುತ್ತಿದ್ದರು. ಕೊತ್ತಂಬರಿ ಸೂಡು ಬಿಚ್ಚಿ ನಡುವೆ ಹುಲ್ಲು ತುರುಕಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಶಾಲೆಯ ಗಂಟೆ ಬಾರಿಸಿದರೆ ತಮ್ಮ ಕೈಗಡಿಯಾರ ನೋಡಿ, ಅದು ಒಪ್ಪಿದ ಮೇಲೆಯೇ ಏಳುತ್ತಿದ್ದರು.

ನಾನು ಗುಂಜೋಟಿಯಿಂದ ಬಸ್ಸಿನಲ್ಲಿ ಆ ಶಾಲೆಗೆ ಬರುತ್ತಿದ್ದೆ. ಒಂಬತ್ತನೆಯ ಇಯತ್ತೆಯಲ್ಲಿ ಬಟ್ಟೆಯ ಮೇಲೆ ಒಂದು ಗಿಳಿ ತುಂಬಿಕೊಂಡು ಹೋದೆ. ಬಾಯಿ ಅದನ್ನು ತಿರುವಿದರು, ಮತ್ತೆ ತಿರುವಿದರು.

"ಇದು ನಿನ್ನ ಕೈ ಅಲ್ಲ. ನಿಮ್ಮ ಅವ್ವ ಹಾಕಿಕೊಟ್ಟಾಳ."

"ಇಲ್ರಿ ಬಾಯಿ, ನಾನೇ ಹಾಕೀನ್ರಿ."

"ಹಿಂದ ಇಷ್ಟು ಸಾಫ್ ಅದ. ಸುಳ್ಳ ಹೇಳಬ್ಯಾಡ."

ಇಡೀ ವರ್ಗ ನಕ್ಕಿತು. ನಾನು ಅತ್ತೆ. ಅಳು ಅವರಿಗೆ ಸಾಕ್ಷಿಯಲ್ಲ. ಮೂರು ದಿನ ಊಟದ ಬಿಡುವಿನಲ್ಲಿ ನನ್ನನ್ನು ತಮ್ಮೆದುರು ಕೂರಿಸಿಕೊಂಡು, ಬೇರೆ ಬಟ್ಟೆಯ ಮೇಲೆ ಅದೇ ಗಿಳಿಯ ಒಂದು ರೆಕ್ಕೆ ಹಾಕಿಸಿದರು. ಮೂರನೆಯ ದಿನ ಎರಡೂ ರೆಕ್ಕೆಗಳ ಹಿಂಬದಿಯನ್ನು ಜೋಡಿಸಿ ನೋಡಿ, "ನಿನ್ನದೇ ಅದ," ಎಂದರು. ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ಮರುದಿನ ತಮ್ಮ ಡಬ್ಬಿಯ ರೊಟ್ಟಿ ಮುರಿದು, ಮೇಲೆ ಶೇಂಗಾ ಹಿಂಡಿ ಹಾಕಿ ನನ್ನ ಮುಂದೆ ಇಟ್ಟರು. ಅಂದಿನಿಂದ ನಾನು ಅವರವಳಾದೆ. ಮದುವೆಯಾಗಿ ಉಮರ್ಗಾಕ್ಕೇ ಬಂದು, ಮನೆಯಲ್ಲಿ ಬ್ಲೌಸುಗಳಿಗೆ ಕೈಕೆಲಸ ಹಾಕಿಕೊಡಲು ಶುರು ಮಾಡಿದ ಮೇಲೂ ವಾರಕ್ಕೊಮ್ಮೆ ಅವರ ಕೋಣೆಗೆ ಹೋಗಿ ನನ್ನ ಕೆಲಸ ತಿರುವಿಸಿಕೊಂಡು ಬರುತ್ತಿದ್ದೆ.

ನನ್ನ ಗಂಡನದು ಹೈವೇ ಪಕ್ಕದಲ್ಲಿ ಹಳೆಯ ಮೇಜು, ಕುರ್ಚಿ, ಮಂಚ ಕೊಂಡು ಮಾರುವ ಅಂಗಡಿ. ಒಮ್ಮೆ ಹೈದರಾಬಾದಿನಲ್ಲಿ ಮುಚ್ಚಿದ ಯಾವುದೋ ಹೋಟೆಲಿನ ಸಾಮಾನು ಬಂತು. ಅದರೊಳಗೆ ಊಟದ ತಾಟಿನಷ್ಟು ದೊಡ್ಡದಾದ, ಫೋಟೋಕ್ಕೆ ಹಾಕಿಸುವಂಥ ಒಂದು ದುಂಡನೆಯ ಕಟ್ಟು, ಅದಕ್ಕೊಂದು ಕರಿಮರದ ಕಾಲು. ಕಟ್ಟಿನ ನಡುವೆ ಉಳ್ಳಾಗಡ್ಡಿ ಸಿಪ್ಪೆಯಂಥ ತೆಳು ರೇಷ್ಮೆ ಬಟ್ಟೆ. ಅದರ ಮೇಲೆ ಒಂದು ಕೆಂಪು ಮೀನು. ಬಾಲ ಎಷ್ಟು ನವಿರೆಂದರೆ ನೀರಿನಲ್ಲಿ ಕದಡಿದ ಕುಂಕುಮದ ಹಾಗೆ. ಕಾಲಿನ ಕೆಳಗೆ ಚೀನೀ ಅಕ್ಷರಗಳ ಚೀಟಿ ಅಂಟಿಸಿತ್ತು. ಗಂಡನನ್ನು ಕಾಡಿ ಅದನ್ನು ಬಾಯಿಯ ಕಡೆ ಒಯ್ದೆ.

ಬಾಯಿ ಮೀನು ನೋಡಿದರು. ಎಂದಿನಂತೆ ತಿರುವಿದರು. ಆ ಕಡೆಯೂ ಅದೇ ಮೀನು, ಅದೇ ಹೊಳಪು, ಅದೇ ಕಣ್ಣು. ಮತ್ತೆ ತಿರುವಿದರು.

"ಹಿಂದ ಎಲ್ಲದ?"

"ಇದಕ್ಕ ಹಿಂದ ಇಲ್ರಿ ಬಾಯಿ. ಎರಡೂ ಕಡೆ ಮುಂದ."

"ಹಿಂದ ಇಲ್ಲದ್ದು ಯಾವುದೂ ಇಲ್ಲ. ಇದ್ರಾಗ ಏನೋ ಭಾನಗಡಿ ಅದ."

ಎರಡು ಬಟ್ಟೆ ಅಂಟಿಸಿದ್ದಾರೆ ಅಂದರು. ಬಿಸಿಲಿಗೆ ಹಿಡಿದರೆ ಕಿಟಕಿಯ ಸರಳುಗಳು ಬಟ್ಟೆಯ ಮೂಲಕ ಕಂಡವು, ಒಂದೇ ಪದರ. ಛಾಪಿಸಿದ್ದಾರೆ ಅಂದರು. ಒದ್ದೆ ಬೆರಳಿನಿಂದ ತಿಕ್ಕಿದರೆ ಬಣ್ಣ ಬಿಡಲಿಲ್ಲ. ಮಶೀನಿನದು ಅಂದರು. ಭೂತಗನ್ನಡಿ ತಂದು ಅರ್ಧ ತಾಸು ನೋಡಿದರು; ಮಶೀನಿನಲ್ಲಿ ಮೇಲಿನ ದಾರವನ್ನು ಕೆಳಗಿನ ಬಾಬಿನ್ ದಾರ ಹಿಡಿದಿರುತ್ತದೆ, ಇಲ್ಲಿ ಹಾಗೆ ಹಿಡಿದದ್ದು ಏನೂ ಇರಲಿಲ್ಲ. ನಮ್ಮ ಕಸೂತಿಯ ಗವಂತಿ ಹೊಲಿಗೆಯೂ ಎರಡು ಕಡೆ ಒಂದೇ ಕಾಣುತ್ತದೆ, ಅದು ಬಾಯಿಗೆ ಅಂಗೈಗೆರೆಯಷ್ಟು ಗೊತ್ತು. ಆದರೆ ಗವಂತಿ ಬರೀ ಗೆರೆ; ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬುವುದು. ಇದು ಮೈತುಂಬ ಬಣ್ಣ. ಕೊನೆಗೆ ಅವರ ಸಂಶಯ ನನ್ನ ಕಡೆ ತಿರುಗಿತು.

"ನನ್ನ ಪರೀಕ್ಷಾ ಮಾಡ್ಲಿಕ್ಕ ತಂದೀದಿ ಏನ?"

ಮೊಬೈಲಿನಲ್ಲಿ ಹುಡುಕಿಟ್ಟಿದ್ದ ವಿಡಿಯೋ ತೋರಿಸಿದೆ. ಚೀನಾದ ಸುಝೌ ಎಂಬ ಊರಿನ ಹೆಂಗಸೊಬ್ಬಳು ರೇಷ್ಮೆಯ ಒಂದೆಳೆಯನ್ನು ಉಗುರಿನಿಂದ ಸೀಳಿ ಎರಡು ಮಾಡಿ, ಎರಡನ್ನು ನಾಲ್ಕು ಮಾಡಿ, ಹಾಗೇ ಹದಿನಾರರವರೆಗೆ ಒಯ್ಯುತ್ತಿದ್ದಳು. ಕೊನೆಯ ಎಳೆ ಕಣ್ಣಿಗೇ ಕಾಣುತ್ತಿರಲಿಲ್ಲ, ಅವಳ ಬೆರಳು ಆಡಿದ್ದಷ್ಟೇ ಕಂಡಿತು.

"ವಿಡಿಯೋದಾಗ ಆನಿನೂ ಹಾರಸ್ತಾರ," ಎಂದರು ಬಾಯಿ. ಆದರೆ ಕಟ್ಟನ್ನು ಕೈಯಿಂದ ಬಿಡಲಿಲ್ಲ. "ಎಂಟು ದಿನ ನನ್ನ ಹತ್ರ ಇರ್ಲಿ."

ಎಂಟು ದಿನ ತಿಂಗಳಾಯಿತು. ದೀಪಾವಳಿ ಬಂದು ಹೋಯಿತು. ಕೇಳಿದಾಗಲೆಲ್ಲ "ಇನ್ನಾ ನೋಡೋದದ" ಎನ್ನುತ್ತಿದ್ದರು. ಆಮೇಲೆ ನಾನು ಹೋದಾಗ ಹಾಡುಹಗಲೇ ಕೋಣೆಗೆ ಒಳಗಿನಿಂದ ಚಿಲಕ. ಅವರ ತಮ್ಮನ ಹೆಂಡತಿ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತ, "ನಮಗೂ ಒಳಗ ಬಿಡಂಗಿಲ್ಲವ್ವಾ. ಮುಂಜಾನಿ ಪೂಜಾ ಮುಗಿಸಿ ಬಾಗಲ ಹಾಕ್ಕೊಂಡ್ರ ಊಟಕ್ಕ ತೆಗೀತಾರ. ಏನ್ ಮಾಡಲತ್ತಾರೋ ಶಿವನಿಗೇ ಗೊತ್ತು. ಹ್ವಾದ ವಾರ ಉದಗೀರಿಂದ ಮಗಳು ಬಂದಿದ್ಳು, ಒಂದ ದೊಡ್ಡ ಚೀಲ ಒಯ್ದಾಳ," ಎಂದಳು.

ಆ ಚೀಲ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸೋಲಾಪುರದ ಗಿರಾಕಿಯೊಬ್ಬ ಮೀನಿನ ಫೋಟೋ ನೋಡಿ ಮೆಚ್ಚಿದ್ದಾನೆಂದು ಗಂಡ ದಿನಾ ಕೇಳುತ್ತಿದ್ದ. ಬಾಯಿ ಅದನ್ನು ಕೆಡಿಸಿರಬೇಕು ಎಂದು ಒಂದು ದಿನ ಅನ್ನಿಸುವುದು, ಮಗಳಿಗೆ ಕೊಟ್ಟಿರಬೇಕು ಎಂದು ಮರುದಿನ. ನನಗೆ ಸೂಜಿ ಹಿಡಿಯಲು ಕಲಿಸಿದವರ ಮೇಲೆ ನಾನು ಕಳ್ಳತನ ಹೊರಿಸುತ್ತಿದ್ದೆ. ಬೇಡವೆಂದರೂ ಮನಸ್ಸು ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೋಗಿ ಬಾಗಿಲು ಬಡಿದೆ.

"ಇವತ್ತ ಹೋಗು. ನಾಡದು ಬಾ," ಒಳಗಿನಿಂದ ಬಾಯಿಯ ದನಿ.

ನನ್ನಿಂದ ಮಾತು ಜಾರಿತು. "ಬಾಯಿ, ಅದು ಇಲ್ಲೇ ಅದನೋ, ಉದಗೀರಕ್ಕ ಹೋಗ್ಯದೋ?"

ಬಾಯಿ ಚಿಲಕ ತೆಗೆದರು. ಕಿಟಕಿಯ ಬೆಳಕಿಗೆ ಚಾಪೆ, ಚಾಪೆಯ ಮೇಲೆ ಮೀನಿನ ಕಟ್ಟು. ಪಕ್ಕದಲ್ಲಿ ಅವರ ಮದುವೆಯ ಇಳಕಲ್ ಸೀರೆ. ಅದರ ಕೆಂಪು ರೇಷ್ಮೆ ಸೆರಗು ಅರ್ಧ ಕಿತ್ತುಹೋಗಿತ್ತು.

"ಬಾಲ ಬಿಚ್ಚಿದ್ದೆ," ಎಂದರು. ನನ್ನ ಮುಖ ನೋಡಲಿಲ್ಲ. "ಗಂಟ ಎಲ್ಲಿ ಮುಚ್ಚಿಟ್ಟಾರ ಅಂತ ನೋಡಬೇಕಾಗಿತ್ತು. ಗಂಟೇ ಇಲ್ಲ. ಮೊದಲ ಎರಡು ಹೊಲಿಗಿ ಸಾಸಿವಿಗಿಂತ ಸಣ್ಣು ಹಾಕಿ ದಾರದ ತುದಿ ಅಲ್ಲೇ ಸಿಗಸ್ತಾರ. ಮ್ಯಾಲ ಬರೋ ಹೊಲಿಗಿ ಅದನ್ನ ಮುಚ್ಚತಾವ. ಸೂಜಿ ನೆಟ್ಟಗ ಇಳೀಬೇಕು, ನೆಟ್ಟಗ ಏಳಬೇಕು. ಜರಾ ಸೊಟ್ಟ ಆತಂದ್ರ ಆ ಕಡಿ ದಾರ ಚುಚ್ಚತದ."

ಬಿಚ್ಚಿದ ಬಾಲ ಮತ್ತೆ ತುಂಬಲು ನೋಡಿದರೆ, ಬಜಾರಿನ ರೇಷ್ಮೆ ದಾರಕ್ಕೆ ಹುರಿ ಜಾಸ್ತಿ, ಸೀಳಲು ಬರಲಿಲ್ಲವಂತೆ. ಅದಕ್ಕೇ ಸೆರಗಿಗೆ ಕೈಹಾಕಿದ್ದರು. ಎಂಟರವರೆಗೆ ಸೀಳುವುದು ಸಾಧಿಸಿತ್ತು, ಹದಿನಾರಕ್ಕೆ ಹೋದರೆ ಪ್ರತಿಸಲ ಹರಿಯುತ್ತಿತ್ತು. ಹಾಕುವುದು, ಬಿಚ್ಚುವುದು, ಹೀಗೆ ಮೂರು ತಿಂಗಳು. ಅಂದು ಮುಂಜಾನೆಯಷ್ಟೇ ಬಾಲ ಮುಗಿದಿತ್ತು.

"ಮಗಳು ಒಯ್ದದ್ದು ಹಳೀ ಕೌದಿ," ಎಂದರು. ಕಟ್ಟನ್ನು ನನ್ನ ಕೈಗಿಟ್ಟರು. "ತಗೊಂಡು ಹೋಗು."

ನೀರು ಕೂಡ ಕೇಳಲಿಲ್ಲ. ಮನೆಗೆ ಬಂದು ಬಿಸಿಲಿಗೆ ಹಿಡಿದು ನೋಡಿದೆ. ಬಾಲದ ಒಂದು ಮಡಿಕೆಯಲ್ಲಿ ಕೆಂಪು ಬಣ್ಣ ಕೂದಲೆಳೆಯಷ್ಟು ಗಾಢ. ಅದೂ ಹೇಳಿದ್ದಕ್ಕೆ ಕಂಡದ್ದು. ಆ ಕಡೆಯಿಂದಲೂ ಈ ಕಡೆಯಿಂದಲೂ ಒಂದೇ. ಸೋಲಾಪುರದವನಿಗೆ ಕೊಡುವುದಿಲ್ಲವೆಂದು ಗಂಡನ ಜೊತೆ ಜಗಳವಾಡಿ ಅದನ್ನು ಉಳಿಸಿಕೊಂಡೆ. ಆದರೆ ಬಾಯಿಯ ಮುಂದೆ ನಿಲ್ಲುವ ಧೈರ್ಯ ಬರಲಿಲ್ಲ. ಹೋಗಬೇಕು, ಕಾಲು ಹಿಡಿಯಬೇಕು ಅನ್ನುತ್ತಿರುವಾಗಲೇ ಅವರು ಮಗಳ ಮನೆಗೆ ಹೋದರೆಂದು ಕೇಳಿದೆ.

ಎರಡು ವರ್ಷದ ಮೇಲೆ ನಿಲಂಗಾದಲ್ಲಿ ಒಂದು ಮದುವೆಗೆ ಹೋದವಳು, ಅಲ್ಲಿಂದ ಉದಗೀರದ ಬಸ್ಸು ಹತ್ತಿದೆ. ಬಾಯಿ ಪಡಸಾಲೆಯಲ್ಲಿ ಕೂತಿದ್ದರು. ಒಂದು ಕಣ್ಣು ಪೂರಾ ಹೋಗಿತ್ತು, ಇನ್ನೊಂದರಲ್ಲಿ ಮಂಜು. ದನಿಯಿಂದಲೇ ಗುರುತು ಹಿಡಿದರು. ನಾನು ಕಾಲು ಮುಟ್ಟಿ, ಎರಡು ವರ್ಷದಿಂದ ಕಟ್ಟಿಟ್ಟ ಮಾತು ತೆಗೆಯುವ ಮೊದಲೇ ಅವರೇ ಕೇಳಿದರು.

"ಅವತ್ತ ನನ್ನ ಮ್ಯಾಲ ಸಂಶೆ ಮಾಡಿದಿ, ಹೌದಲ್ಲ?"

"ಹೌದ್ರಿ ಬಾಯಿ. ತಪ್ಪಾಗ್ಯದ್ರಿ."

"ಏನೂ ತಪ್ಪಾಗಿಲ್ಲ. ನಾ ಅದನ್ನ ಇಟ್ಕೋಬೇಕಂತೇ ಮಾಡಿದ್ದೆ. ಕಳದದ ಅಂತ ಹೇಳೋದು, ನೀ ಏನ್ ಮಾಡ್ತಿದ್ದಿ? ನೀ ನನಗ ಎದುರ ಮಾತಾಡಾಕಿ ಅಲ್ಲ."

"ಮತ್ಯಾಕ ಕೊಟ್ಟ್ರಿ?"

"ಅವತ್ತ ಮುಂಜಾನಿ ಬಾಲ ಮುಗೀತು. ನನ್ನ ಕೈಲೂ ಆಗತದ ಅಂತ ಗೊತ್ತಾತು. ಆಮ್ಯಾಲ ಅದನ್ನ ಇಟ್ಕೊಂಡು ಏನ್ ಮಾಡ್ಲಿ?"

ನಾನು ನಕ್ಕೆ. "ನಗಬ್ಯಾಡ. ಖರೇ ಹೇಳಲತ್ತೀನಿ," ಎಂದರು. ಮಗಳು ಚಹಾ ತಂದಳು, ಮಾತು ಬೇರೆ ಕಡೆ ಹೋಯಿತು. ಹೊರಡುವಾಗ ಬಾಗಿಲವರೆಗೆ ಗೋಡೆ ಹಿಡಿದು ಬಂದರು.

ಅದಾದ ಮೂರು ತಿಂಗಳಿಗೆ ಬಾಯಿ ಲಿಂಗೈಕ್ಯರಾದರೆಂದು ಮಗಳ ಫೋನು ಬಂತು. ಮಣ್ಣಿಗೆ ಹೋಗಿ ಬಂದೆ. ಅವರ ಆ ಮಾತಿನಿಂದ ನನ್ನ ಎದೆಯ ಭಾರ ಇಳಿದದ್ದು ನಿಜ. ಆದರೆ ಅವರು ಹೇಳಿದ್ದು ಖರೆಯೋ, ನಾನು ಗುರುವಿನ ಮೇಲೆ ಸುಮ್ಮನೆ ಕಳ್ಳತನ ಹೊರಿಸಿದೆನೆಂದು ಜೀವನವಿಡೀ ನೋಯಬಾರದೆಂದು ತಮ್ಮ ಮೇಲೆ ಹಾಕಿಕೊಂಡ ಸುಳ್ಳೋ, ನನಗೆ ಇವತ್ತಿಗೂ ಸಂಶಯ. ಕೇಳೋಣವೆಂದರೆ ಅವರಿಲ್ಲ.