ಡಬ್ಬಿಯ ಮೇಲಿದ್ದ ಹೆಸರು

ಕಳೆದ ತಿಂಗಳು ನಾನೊಂದು ಬೀಗ ಹಾಕಿದ ಕೋಣೆ ಖರೀದಿಸಿದೆ. ಕೋಣೆಯನ್ನಲ್ಲ, ಒಳಗಿದ್ದ ಸಾಮಾನನ್ನು. "ಬಾಡಿಗಿ ಇದ್ದಾವ್ರ ಪತ್ತೆನ ಇಲ್ಲ, ಎಲ್ಲಾ ಒಯ್ರಿ" ಎನ್ನುತ್ತ ಬೀಗ ಒಡೆದರು ಖಾಸಬಾಗದ ಗೋಡೌನ್ ಮಾಲೀಕರು. ಟಿಳಕವಾಡಿಯ ನನ್ನ ಸ್ಟೇಷನರಿ ಅಂಗಡಿಗೆ ಕಬ್ಬಿಣದ ರ‍್ಯಾಕ್ ಬೇಕಿದ್ದವು. (ರ‍್ಯಾಕಿನ ಜೊತೆ ಮೂಟೆಗಟ್ಟಲೆ ಧೂಳೂ ಬಂತು.)

ಆ ಧೂಳಿನಲ್ಲೊಂದು ಸ್ಟೀಲ್ ಡಬ್ಬಿ. ಒಳಗೆ ಕುಂಚಿಗೆ. ಕೂಸಿನ ತಲೆಗೆ ಕಟ್ಟಿ ಬೆನ್ನ ಮೇಲೆ ಇಳಿಬಿಡುತ್ತೇವಲ್ಲ, ಅದೇ. ನುಸಿಗುಳಿಗೆ ಹಾಕಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಬೇಡದ್ದನ್ನು ಯಾರಾದರೂ ಹೀಗೆ ಇಡುತ್ತಾರೆಯೇ?

ಡಬ್ಬಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಹೆಸರು: ಶಾಂತಾಬಾಯಿ. ಕೆಳಗೆ ಗಲ್ಲಿ, ಊರು ಖಾನಾಪುರ. ವಾಪಸ್ ಮುಟ್ಟಿಸಿಯೇ ತೀರುತ್ತೇನೆ ಎಂದೆ.

"ಕೂಸಿಂದೊಂದ್ ಅರಬಿ ಸಲುವಾಗಿ ಅಂಗಡಿ ಬಂದ್ ಮಾಡ್ತೀರೇನ್ರಿ?" ಎಂದಳು ಹೆಂಡತಿ.

ಮಾಡಿದೆ.

ಖಾನಾಪುರದಲ್ಲಿ ಮನೆ ಸಲೀಸಾಗಿ ಸಿಕ್ಕಿತು. ಡಬ್ಬಿ ನೋಡಿ ಶಾಂತಾಬಾಯಿ ನಕ್ಕರು.

"ಹೆಸರು ನಂದ ಐತ್ರಿ, ಡಬ್ಬಿ ನಂದಲ್ಲ. ಆಹೇರ ಕೊಟ್ಟಾವ್ರು ತಮ್ಮ ಹೆಸರು ಹಾಕಸ್ತಾರ, ತಗೊಂಡಾವ್ರದಲ್ಲ! ಇದು ನಮ್ಮ ಗೆಳತಿ ರಜಿಯಾನ ಮದವ್ಯಾಗ ನಾ ಕೊಟ್ಟಿದ್ದು. ವಡಗಾವ್ಯಾಗ ಇರತಾಳ."

ಹಣೆ ಚಚ್ಚಿಕೊಂಡೆ. ನಮ್ಮ ಮನೆಯ ಅರ್ಧ ಪಾತ್ರೆಗಳ ಮೇಲೆ ಸೋದರಮಾವಂದಿರ ಹೆಸರೇ ಇದೆ, ಇಷ್ಟೂ ಹೊಳೆಯಬಾರದೇ? ಮೇಲಾಗಿ ವಡಗಾವಿ ಇರುವುದು ಖಾಸಬಾಗದ ಪಕ್ಕದಲ್ಲೇ! ನನ್ನನ್ನು ನಾನೇ ಬೈದುಕೊಳ್ಳುತ್ತ ವಾಪಸ್ ಬಸ್ ಹತ್ತಿದೆ.

ರಜಿಯಾ ಬಾಗಿಲು ತೆರೆದರು. ಡಬ್ಬಿ ಕಂಡವರೇ ಹೊಸ್ತಿಲಲ್ಲೇ ಕುಳಿತುಬಿಟ್ಟರು. ಕುಂಚಿಗೆ ತೆಗೆದು ಮುಖಕ್ಕೊತ್ತಿಕೊಂಡರು.

"ನನ್ನ ಮೊದಲನೇ ಮಗಂದ್ರಿ ಅಣ್ಣಾ. ಮೂರ್ ತಿಂಗಳ ಕೂಸಿದ್ದಾಗ ಹೋದ. ಒಂದ್ ಫೋಟೋ ಸೈತ ಇಲ್ಲ. ಇದೊಂದ ಉಳದಿತ್ತು."

ಮನೆ ಬದಲಿಸುವಾಗ ಅವರ ಗಂಡ ಸಾಮಾನನ್ನೆಲ್ಲ ಆ ಕೋಣೆಯಲ್ಲಿಟ್ಟಿದ್ದರಂತೆ. ಎಲ್ಲಿಟ್ಟೆ ಎಂದು ಹೇಳುವ ಮೊದಲೇ ತೀರಿಕೊಂಡರು. ಈಕೆ ಹೇಗೋ ಜಾಗ ಪತ್ತೆಮಾಡಿ ಹೋದಾಗ, ಮಾಲೀಕರು "ಮಾರಿಬಿಟ್ಟೇನಿ" ಎಂದರಂತೆ. ಯಾರಿಗೆಂದು ಹೇಳಲಿಲ್ಲ.

ರ‍್ಯಾಕ್‌ಗಳನ್ನೂ ತಂದುಕೊಡುತ್ತೇನೆ ಎಂದೆ. "ಅವು ನೀವ ಇಟಗೋರಿ. ನನಗ ಇದು ಸಾಕು" ಎಂದರು.

ಅಲ್ಲಿಂದಲೇ ಮಾಲೀಕರಿಗೆ ಫೋನ್ ಹಚ್ಚಿದೆ. ಆಕೆ ಬಂದಾಗ ನನ್ನ ನಂಬರ್ ಕೊಡಲು ನಿಮಗೇನಾಗಿತ್ತು ಎಂದು ಕೇಳಿದೆ.

"ಅದರಾಗೇನಿತ್ರೀ? ಬರೇ ಗುಜರಿ!"

ಬೀಗ ಒಡೆದ ಮಾತ್ರಕ್ಕೆ, ಯಾವುದು ಗುಜರಿ ಎಂದು ಹೇಳುವ ಹಕ್ಕೂ ಸಿಕ್ಕಿಬಿಡುತ್ತದೆಯೇ ಸ್ವಾಮಿ?