ಬಿಂಬುಳಿ ಮರ ಕುಡಿದ ಮದ್ದು

ಇದನ್ನು ಹೇಳುವುದನ್ನು ಎರಡು ಮಳೆಗಾಲ ಮುಂದೂಡಿದ್ದೇನೆ. ಹೇಳಲು ಹೊರಟಾಗಲೆಲ್ಲ ನಗು ಬರುತ್ತದೆ, ನಗು ಬಂದರೆ ತಪ್ಪೊಪ್ಪಿಗೆ ಕೆಡುತ್ತದೆ.

ನನ್ನ ಬಲ ಮೂತ್ರಪಿಂಡದಲ್ಲಿ ಕಲ್ಲಿತ್ತು. ಮೂತ್ರದ ಹುಳಿ ಇಳಿದರೆ ಕರಗುವ ಜಾತಿಯದ್ದು, ಕರಗದಿದ್ದರೆ ಆಪರೇಷನ್ ಎಂದ ಡಾಕ್ಟರು ಕ್ಷಾರದ ಸಿರಪ್ ಬರೆದುಕೊಟ್ಟರು. ನನ್ನ ಹೆಂಡತಿ ಗಲ್ಫಿನಲ್ಲಿ ನರ್ಸ್ ಆಗಿದ್ದವಳು, ಮನೆಯೇ ವಾರ್ಡಾಯಿತು. ಬೆಳಿಗ್ಗೆ ನಾನು ಕಾಗದದ ಪಟ್ಟಿಯೊಂದನ್ನು ಮೂತ್ರದಲ್ಲಿ ಅದ್ದಿ ತಂದು ತೋರಿಸಬೇಕು. ಹಳದಿಯಾದರೆ ಹುಳಿ ಇನ್ನೂ ಇದೆ, ಹಸಿರಾದರೆ ಮದ್ದು ಹಿಡಿದಿದೆ.

ಸಿರಪ್ಪಿನ ರುಚಿ ಕಡಲ ನೀರಿಗೆ ಸಕ್ಕರೆ ಹಾಕಿದಂತಿತ್ತು. ಕೆಲವೇ ದಿನಗಳಲ್ಲಿ ಅದನ್ನು ಹಿತ್ತಲಿನಲ್ಲಿ ಹುಳಿ ಹುಳಿ ಕಾಯಿ ಬಿಡುವ ಬಿಂಬುಳಿ ಮರದ ಬುಡಕ್ಕೆ ಸುರಿಯತೊಡಗಿದೆ. ಪಟ್ಟಿಯನ್ನು ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ ತೋರಿಸಿದೆ.

“ಎಂತ ಚಂದದ ಹಸಿರು ಮಾರಾಯ್ರೆ,” ಎನ್ನುತ್ತಿದ್ದಳು.

ಸ್ಕ್ಯಾನಿನಲ್ಲಿ ಕಲ್ಲು ಇದ್ದಷ್ಟೇ ಇತ್ತು. ಇನ್ನೊಂದು ಸಲ ನೋಡೋಣ, ಆಮೇಲೆ ಆಪರೇಷನ್ನೇ ಎಂದರು ಡಾಕ್ಟರು. ಅವಳು ನನ್ನನ್ನು ಸಂಶಯಿಸಲಿಲ್ಲ. ಬಾಟ್ಲಿ, ಪಟ್ಟಿಯ ಡಬ್ಬಿ ಎರಡನ್ನೂ ಹಿಡಿದು, ನನ್ನನ್ನೂ ಕರೆದುಕೊಂಡು ಸೀದಾ ಉರ್ವದ ಮೆಡಿಕಲ್‌ಗೆ ಹೋದಳು.

“ಹಳೆ ಮಾಲು ಮಾರ್ತೀಯಾ? ನಿನ್ನ ಮದ್ದೂ ಸುಳ್ಳು, ಪಟ್ಟಿಯೂ ಸುಳ್ಳು.”

“ಆಂಟಿ, ತಾರೀಕು ನೋಡಿ, ಸರಿಯೇ ಉಂಟು.”

“ತಾರೀಕನ್ನು ಆ ಕಲ್ಲಿಗೆ ತೋರಿಸು.”

ಪಕ್ಕದಲ್ಲಿದ್ದ ಹೆಂಗಸೊಬ್ಬಳು ತೆಗೆದುಕೊಂಡ ಮಾತ್ರೆಯನ್ನು ಅಲ್ಲೇ ಇಟ್ಟು ಹೋದಳು. ಅಂಗಡಿಯವನ ಮುಖ ಸಣ್ಣದಾಯಿತು. ನಾನು ಕೊಡೆ ಹಿಡಿದು ಹೊರಗಿನ ಮಳೆ ನೋಡುತ್ತ ನಿಂತಿದ್ದೆ. ಅವನು ಎರಡನ್ನೂ ಬದಲಿಸಿ ಕೊಟ್ಟ.

ಆ ಹೊಸ ಬಾಟ್ಲಿಯನ್ನು ನಾಚಿಕೆಯಿಂದಲೇ ಕುಡಿದೆ, ಒಂದು ಹೊತ್ತೂ ತಪ್ಪಿಸದೆ. ಪಟ್ಟಿ ನಿಜವಾಗಿ ಹಸಿರಾದ ಬೆಳಿಗ್ಗೆ ಬಾತ್‌ರೂಮಿನಲ್ಲಿ ಒಬ್ಬನೇ ನಕ್ಕೆ.

ಮುಂದಿನ ಸ್ಕ್ಯಾನಿನಲ್ಲಿ ಕಲ್ಲಿರಲಿಲ್ಲ. ಆ ಮಧ್ಯಾಹ್ನ ಅವಳು ಬಿಂಬುಳಿ ಹಾಕಿ ಬಂಗುಡೆ ಮೀನಿನ ಸಾರು ಮಾಡಿದಳು. ಪಥ್ಯಕ್ಕೆ ಒಂದೇ ತುಂಡು ಎಂದವಳು ಎರಡು ಬಡಿಸಿದಳು. ಆ ಸಂತೋಷದಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ.

“ಅಷ್ಟು ಮದ್ದು ಕುಡಿದೂ ಈ ಮರದ ಹುಳಿ ಇಳೀಲಿಲ್ಲವಲ್ಲ,” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಗಂಭೀರಳಾಗಿ, “ಪಾಪ, ಆ ಮೆಡಿಕಲ್‌ನವನು. ನಾನು ಬೈದದ್ದಕ್ಕೆ ನಾನು ತಪ್ಪಾಯ್ತು ಹೇಳ್ತೇನೆ. ನಿಮ್ಮದು ನೀವೇ ಹೇಳಿ,” ಎಂದಳು.

ಅವಳು ಮರುದಿನವೇ ಹೋಗಿ ಹೇಳಿ ಬಂದಳು. ಆಮೇಲೆ ನಾನು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು, “ಅಂಕಲ್, ನಿಮ್ಮ ಮರದ ಕಲ್ಲು ಕರಗಿತಾ?” ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನಕ್ಕದ್ದೇ ಕ್ಷಮೆ ಎಂದುಕೊಂಡು ಹಗುರಾಗಿ ಮನೆಗೆ ಬಂದೆ.

ಅದು ಕ್ಷಮೆಯಲ್ಲ. ನಾನು ಕ್ಷಮೆ ಕೇಳದೆ ಉಳಿದಿರುವುದು ಅವನೊಬ್ಬನಲ್ಲಿ, ಉರ್ವದ ಆ ಮೆಡಿಕಲ್‌ನವನಲ್ಲಿ.